ಕಾರ್ಡಿನಲ್ಲಿ ಉಳಿದ ಜಾಗ

ನನ್ನ ಓದಿಗಿಷ್ಟು ಬೆಂಕಿ ಹಾಕ. ಮಧುಗಿರಿಯಲ್ಲಿ ಎಲ್ಲರೂ ನನ್ನನ್ನು ‘ಎಂ.ಎ. ರುದ್ರಯ್ಯ’ ಎಂದು ಕರೆಯುತ್ತಾರೆ. ಕರೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಯಾಕೆ ಅಂತ ಹೇಳುತ್ತೇನೆ.

ಮೂವತ್ತೆಂಟನೇ ಇಸವಿ. ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೆ. ನಮ್ಮ ಸೀಮೆಯ ವೀರಗಲ್ಲುಗಳ ಮೇಲೆ ಪ್ರಬಂಧ ಬರೆದು ಮಾರ್ಚ್ ಮೂವತ್ತೊಂದರೊಳಗೆ ಕೊಡಬೇಕಿತ್ತು. ದೀಪಾವಳಿ ರಜಕ್ಕೆ ಬಂದಾಗ ಪುರವರದ ಹತ್ತಿರದ ಗೊಲ್ಲರಹಟ್ಟಿಗೆ ಹೋದೆ. ಅಲ್ಲಿ ಕುರಿ ಕಾಯುವ ಓಬಯ್ಯ ನನ್ನ ಹಳೇ ಸ್ನೇಹಿತ. ಹಟ್ಟಿಯ ವೀರಗಲ್ಲಿಗೆ ನೀರು ಹೊತ್ತು ತಂದು, ಮೆತ್ತಿದ್ದ ಎಣ್ಣೆ ಜಿಡ್ಡನ್ನೆಲ್ಲ ತಿಕ್ಕಿ ತೊಳೆದುಕೊಟ್ಟವನು ಅವನೇ. ನಾನು ಒದ್ದೆ ಕಾಗದ ಬಡಿದು ಅಕ್ಷರಗಳ ಅಚ್ಚು ತೆಗೆದುಕೊಂಡೆ.

“ಅಯ್ನೋರೆ, ಅರಿಶಿನ ಇಕ್ಕಿ ಇಕ್ಕಿ ನಮ್ ಹೆಂಗಸ್ರ ಕೈ ಸವೆದೋಯ್ತು. ಇವ್ನ ಹೆಸ್ರು ಮಾತ್ರ ಯಾರ್ಗೂ ಗೊತ್ತಿಲ್ಲ,” ಎಂದ, ಕಲ್ಲಿನ ಮೇಲಿನ ವೀರನನ್ನು ತೋರಿಸಿ. ಅವನ ಹೆಂಡತಿ ಜುಂಜಮ್ಮ ಬಸುರಿ. ಹಿಂದೆ ಎರಡು ಕೂಸು ಹೋಗಿದ್ದವು. “ಗಂಡಾದ್ರೆ ಇವ್ನ ಹೆಸ್ರೇ ಇಡ್ತೀನಿ. ದನ ಉಳ್ಸಕ್ಕೆ ಸತ್ತೋನು, ನನ್ ಮಗೀನ ಕಾಯ್ದೆ ಇರ್ತಾನಾ? ನೀವು ಓದಿ ಹೇಳಾಗಂಟ ತೊಟ್ಲಿಗೆ ಹಾಕಲ್ಲ.”

“ಆಗಲಿ ಕಣೋ,” ಎಂದೆ. ಮಾತಿಗೇನು ದುಡ್ಡು ಕೊಡಬೇಕೆ?

ಮೈಸೂರಿಗೆ ಹೋದ ತಿಂಗಳಿಗೇ ಅಚ್ಚಿನಲ್ಲಿ ಹೆಸರು ಸಿಕ್ಕಿತು. ಬೊಮ್ಮಯ್ಯ. ಖುಷಿಗೆ ರೂಮಿನಲ್ಲಿ ಕುಣಿದುಬಿಟ್ಟೆ. ಆಮೇಲೆ ಪ್ರಬಂಧದ ಭೂತ ಹಿಡಿಯಿತು. ತಂಗಿ ಜಗದಾಂಬಳ ಮದುವೆಗೆ ಧಾರೆಯ ಹೊತ್ತಿಗೆ ಬಂದು ಸಂಜೆಯೇ ಮೈಸೂರಿನ ದಾರಿ ಹಿಡಿದೆ. ಗೆಳೆಯರು ಕರೆದರೆ, “ಮಾರ್ಚ್ ಕಳೀಲಿ ಕಣ್ರಯ್ಯ,” ಎನ್ನುತ್ತಿದ್ದೆ. ಕೊನೆಗೆ ಕರೆಯುವುದನ್ನೇ ಬಿಟ್ಟರು.

ಸಂಕ್ರಾಂತಿಯ ಹೊತ್ತಿಗೆ ಪುರವರದ ಮೇಷ್ಟ್ರು ವೆಂಕಟರಾಮಯ್ಯನವರ ಕೈಯಲ್ಲಿ ಓಬಯ್ಯ ಕಾರ್ಡು ಬರೆಸಿದ. ಗಂಡು ಮಗು, ಹೆಸರು ತಿಳಿಸಬೇಕು. ಫೆಬ್ರವರಿ ಕೊನೆಗೆ ಇನ್ನೊಂದು. ಮಗುವನ್ನು ಇನ್ನೂ ತೊಟ್ಟಿಲಿಗೆ ಹಾಕಿಲ್ಲವೆಂದು ಹಟ್ಟಿಯ ಹೆಂಗಸರು ಬೈಯುತ್ತಿದ್ದಾರೆ, ಆದರೂ ಕಾಯುತ್ತಿದ್ದೇನೆ.

ನಾನು ಉತ್ತರ ಬರೆದೆ. ‘ಪ್ರಬಂಧ ಕೊಟ್ಟು ನಾನೇ ಬಂದು ಹೇಳುತ್ತೇನೆ.’ ಇಷ್ಟೇ. ಕಾರ್ಡಿನಲ್ಲಿ ಇನ್ನೂ ಅರ್ಧ ಜಾಗವಿತ್ತು. ಹೆಸರು ಬರೆಯಲಿಲ್ಲ. ಹಟ್ಟಿಯವರನ್ನೆಲ್ಲ ಕಲ್ಲಿನ ಮುಂದೆ ಸೇರಿಸಿ, ಕೋಟು ಪೇಟ ಹಾಕಿಕೊಂಡು ನಾನೇ ಓದಿ ಹೇಳಬೇಕು, ಅವರು ಬಾಯಿ ಬಿಟ್ಟುಕೊಂಡು ಕೇಳಬೇಕು ಎಂಬ ಕೊಬ್ಬು ನನಗೆ.

ಏಪ್ರಿಲ್ ಎರಡನೇ ವಾರ ಮಗುವಿಗೊಂದು ಕುಲಾವಿ ಕೊಂಡು ಹಟ್ಟಿಗೆ ಹೋದೆ. ಓಬಯ್ಯ ಗುಡಿಸಲ ಮುಂದೆ ಕಂಬಳಿ ಹೊದ್ದು ಕೂತಿದ್ದ. ಎದ್ದು ನಿಂತ. ಒಳಗೆ ಜಂತೆಗೆ ತೊಟ್ಟಿಲ ಹಗ್ಗ ಮಾತ್ರ ಕಟ್ಟಿತ್ತು. ಮೂಲೆಯಲ್ಲಿ ಜುಂಜಮ್ಮ ತಲೆ ಬಗ್ಗಿಸಿ ಕೂತಿದ್ದಳು.

“ಮಗೀಗೆ ಜರ ಬಂತು ಅಯ್ನೋರೆ. ಮೂರೇ ದಿನ. ಹೋಗಿ ಎಂಟು ದಿನ ಆಯ್ತು,” ಎಂದ. ಕುಲಾವಿಯನ್ನು ಕೋಟಿನ ಜೇಬಿಗೆ ತುರುಕಿದೆ.

“ಬೈದುಬಿಡು ಓಬಯ್ಯ,” ಎಂದೆ.

“ನಿಮ್ದೇನ್ ತಪ್ಪು ಬುಡಿ, ಓದೋ ಕೆಲ್ಸ. ಇವ್ಳ್ದೇ ಯೋಚ್ನೆ. ಕಳ್ಳಿಸಾಲಲ್ಲಿ ಮಣ್ಣಿಗಿಡೋವಾಗ ಏನಂತ ಕೂಗಿ ಅಳೋದು ಅಂತ್ಲೇ ಗೊತ್ತಾಗ್ನಿಲ್ಲ ಇವ್ಳ್ಗೆ. ಸುಮ್ಕೆ ಕುಂತುಬುಟ್ಲು. ಇವತ್ತಿಗೂ ಅತ್ತಿಲ್ಲ.”

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ. ಕೆಟ್ಟವನು ಓಬಯ್ಯ, ಬುದ್ಧಿ ಬಂದದ್ದು ನನಗೆ.

ಜುಂಜಮ್ಮ ಮೊದಲ ಸಲ ತಲೆ ಎತ್ತಿದಳು. “ಏನ್ ಅಯ್ನೋರೆ ಅದು, ಹೆಸ್ರು?”

ಪೇಟ ತೆಗೆದು ಪಕ್ಕಕ್ಕಿಟ್ಟೆ. “ಬೊಮ್ಮಯ್ಯ ಕಣಮ್ಮ.”

ಅವಳು ಎದ್ದು ಬಾಗಿಲಿಗೆ ಬಂದಳು. ದೂರದ ಕಳ್ಳಿಸಾಲಿನ ಕಡೆ ಮುಖ ಮಾಡಿ, ಆಡಲು ಹೋದ ಮಗನನ್ನು ಊಟಕ್ಕೆ ಕರೆಯುವಂತೆ, “ಬೊಮ್ಮಯ್ಯಾ,” ಎಂದು ಕೂಗಿದಳು. ಆಮೇಲೆ ಹೊಸ್ತಿಲ ಮೇಲೆ ಕೂತು ಅಳತೊಡಗಿದಳು.