ಸದ್ದಿಲ್ಲದ ಧಾರಾವಾಹಿ

"ತಿರುಗಬೇಡಿ, ತಿರುಗಬೇಡಿ! ಬೆರಳು ಜಾರುತ್ತೆ," ಎಂದು ಡಾಕ್ಟರಮ್ಮ ಕೂಗಿಕೊಂಡಾಗ, ಅಲ್ಲಿ ಎಲ್ಲರೂ ಕತ್ತರಿ ಎಂದು ಕರೆಯುವವಳ ಬಲಗೈ ಹದಿನಾಲ್ಕನೆಯ ಮೆಟ್ಟಿಲ ಮೇಲಿತ್ತು, ಕುತ್ತಿಗೆ ಮಾತ್ರ ಅರ್ಧ ಹಿಂದಕ್ಕೆ ಹೊರಳಿತ್ತು. ಹಿಂದೆ ಟಿವಿಯಲ್ಲಿ ಏನೋ ಆಗಿತ್ತು. ಇಲ್ಲದಿದ್ದರೆ ಡ್ರೈವರಣ್ಣ ವ್ಯಾಯಾಮದ ಸೈಕಲ್ ತುಳಿಯುವುದನ್ನು ನಿಲ್ಲಿಸಿ "ಅಯ್ಯೋ ಪಾಪಿ!" ಎನ್ನುತ್ತಿರಲಿಲ್ಲ.

ಅದು ಕಾಲಿಟ್ಟು ಹತ್ತುವ ಮೆಟ್ಟಿಲಲ್ಲ. ಫಿಸಿಯೋಥೆರಪಿ ಕೋಣೆಯ ಗೋಡೆಗೆ ಉದ್ದಕ್ಕೆ ಹೊಡೆದ ಮರದ ಪಟ್ಟಿ; ಅದರಲ್ಲಿ ಬೆರಳೂರುವಷ್ಟು ಅಗಲದ ಕಚ್ಚುಗಳು, ಒಂದೊಂದಕ್ಕೂ ಒಂದೊಂದು ಅಂಕಿ. ಭುಜ ಹಿಡಿದುಕೊಂಡವರು ಗೋಡೆಗೆ ಮುಖ ಮಾಡಿ ನಿಂತು, ಎರಡು ಬೆರಳುಗಳನ್ನು ಜೇಡನ ಕಾಲಿನಂತೆ ಒಂದೊಂದೇ ಕಚ್ಚಿಗೆ ಏರಿಸಬೇಕು. ಟಿವಿ ಇದ್ದದ್ದು ಎದುರು ಗೋಡೆಯಲ್ಲಿ. ಹಾಗಾಗಿ ಆ ಕೋಣೆಯಲ್ಲಿ ಹತ್ತೂವರೆಯ ಧಾರಾವಾಹಿ ಕಾಣದೆ ಇದ್ದವಳು ಅವಳೊಬ್ಬಳೇ.

ಧ್ವನಿಯಂತೂ ಯಾರಿಗೂ ಕೇಳಿಸುತ್ತಿರಲಿಲ್ಲ. ಬೇಸಿಗೆ ಶುರುವಾದ ವಾರವೇ ಟಿವಿಯ ಧ್ವನಿ ಸತ್ತುಹೋಗಿತ್ತು. ರಿಪೇರಿಯವನು ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಎನ್ನುತ್ತಲೇ ಇದ್ದ. ಅಲ್ಲಿಯವರೆಗೆ ದೊಡ್ಡ ಮನೆಯೊಂದರ ಇಬ್ಬರು ಅಕ್ಕತಂಗಿಯರು, ಒಬ್ಬ ಮುದುಕಿ, ಒಬ್ಬ ಮೀಸೆಯವನು, ಎಲ್ಲರೂ ಬಾಯಿ ಆಡಿಸುತ್ತಿದ್ದರು, ಅಷ್ಟೆ.

"ಏನಾಯ್ತು ಅಣ್ಣಾ?" ಎಂದಳು ಕತ್ತರಿ, ಗೋಡೆಗೆ.

"ಹೇಳ್ತೀನಿ. ಮೊದಲು ಹದಿನೈದಕ್ಕೆ ಹೋಗು. ಒಂದು ಮೆಟ್ಟಿಲಿಗೆ ಒಂದು ಸುದ್ದಿ. ಮೂವತ್ತೊಂದು ವರ್ಷ ಬಸ್ ಓಡಿಸಿದೀನಿ, ಟಿಕೆಟ್ ಇಲ್ದೆ ಒಬ್ಬರನ್ನೂ ಕರ್ಕೊಂಡು ಹೋಗಿಲ್ಲ."

ಮೂಲೆಯ ಕುರ್ಚಿಯಲ್ಲಿ ಕುತ್ತಿಗೆಗೆ ಪಟ್ಟಿ ಬಿಗಿಸಿ, ಗದ್ದವನ್ನು ಮೇಲಿನ ರಾಟೆಗೆ ತೂಗುಹಾಕಿಸಿಕೊಂಡು ಕೂತಿದ್ದ ಟೀಚರು ಹಲ್ಲು ಬಿಡಿಸದೆಯೇ ಗೊಣಗಿದರು: "ಟಿಕೆಟ್ಟು ಕಂಡಕ್ಟರ್ ಕೆಲ್ಸ."

ನೋವು ಭುಜದಿಂದ ಮೊಣಕೈಗೆ ಇಳಿಯುವ ಮುನ್ನವೇ ಬೆರಳು ಹದಿನೈದಕ್ಕೆ ಹೋಗಿತ್ತು.

"ಅಕ್ಕ ಒಂದು ಕಾಗದ ಬಚ್ಚಿಟ್ಲು," ಎಂದ ಡ್ರೈವರಣ್ಣ ಪೆಡಲ್ ತುಳಿಯುತ್ತ. "ತಂಗಿ ಬರೋ ಹೊತ್ತಿಗೆ ಹೂದಾನಿ ಒಳಗೆ ತುರುಕಿದ್ಲು. ಹಳೇ ಪ್ರೀತಿ ಕಣಮ್ಮಾ. ಹಡಗಿನವನು. ಮುಖ ನೋಡಿದ್ರೆ ಗೊತ್ತಾಗುತ್ತೆ."

ಟೀಚರ ಕಣ್ಣುಗಳು ಕೆರಳಿದವು. ಇಪ್ಪತ್ತು ನಿಮಿಷದ ಮೇಲೆ ಪಟ್ಟಿ ಬಿಚ್ಚಿದ್ದೇ ತಡ, ಅದುಮಿಟ್ಟ ಮಾತೆಲ್ಲ ಒಟ್ಟಿಗೆ ಹೊರಬಂತು. "ಹಡಗಂತೆ ಹಡಗು! ಅದು ಕೋರ್ಟಿನ ಕಾಗದ. ಮೇಲೆ ಮುದ್ರೆ ಇರ್ಲಿಲ್ವಾ? ಕಣ್ಣಿಗೆ ಏನು ಬಂದಿದೆ ನಿಮಗೆ?"

"ಮಂಡಿಗೆ ಬಂದಿದೆ ಟೀಚರೇ, ಕಣ್ಣು ಚೆನ್ನಾಗಿದೆ."

ಕತ್ತರಿ ಎಂಬ ಹೆಸರು ಕೊಟ್ಟವನೂ ಅವನೇ. ಮೊದಲ ದಿನ ಏನು ಕೆಲಸ ಎಂದು ಕೇಳಿದ್ದಕ್ಕೆ ಅವಳು ಬ್ಯೂಟಿ ಪಾರ್ಲರಿನಲ್ಲಿ ಕೂದಲು ಕತ್ತರಿಸುತ್ತೇನೆ ಎಂದಿದ್ದಳು. ಈಗ ಕತ್ತರಿಸುತ್ತಿಲ್ಲ ಎಂಬುದನ್ನು ಹೇಳಿರಲಿಲ್ಲ. ಹನ್ನೊಂದು ವರ್ಷ ಕಿಟಕಿ ಪಕ್ಕದ ಕುರ್ಚಿ ಅವಳದ್ದಾಗಿತ್ತು. ಭುಜ ಮರಗಟ್ಟಿ, ಗಿರಾಕಿಯ ನೆತ್ತಿಯ ಮೇಲೆ ಡ್ರೈಯರ್ ಹಿಡಿಯಲಾಗದೆ ಎರಡು ಬಾರಿ ಕೈಯಿಂದ ಬೀಳಿಸಿದ ಮೇಲೆ ಪಾರ್ಲರಿನ ಒಡತಿ ಅವಳನ್ನು ಒಳಗೆ ಕರೆದಿದ್ದಳು. ಬೈದಿರಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಒಂದು ತಿಂಗಳು ರಜೆ ತಗೋ. ಒಂದನೇ ತಾರೀಖು ಬಂದು ನನ್ನ ಎದುರಿಗೆ ಒಂದು ತಲೆ ಒಣಗಿಸು. ಕೈಲಾದ್ರೆ ಕುರ್ಚಿ ನಿಂದೇ. ಆಗ್ಲಿಲ್ಲಾಂದ್ರೆ ಫೋನ್ ಹತ್ರ ಕೂತ್ಕೊಳ್ಳುವಂತೆ."

ಡ್ರೈಯರ್ ಹಿಡಿಯಲು ಕೈ ಎಷ್ಟು ಏರಬೇಕೆಂದು ಅವಳು ಮನೆಯಲ್ಲಿ ದಾರ ಹಿಡಿದು ಅಳೆದಿದ್ದಳು. ಆ ದಾರವನ್ನು ತಂದು ಇಲ್ಲಿಯ ಮರದ ಪಟ್ಟಿಗೆ ಹಿಡಿದರೆ ಇಪ್ಪತ್ತೊಂದನೆಯ ಮೆಟ್ಟಿಲು. ಅನುಮಾನ ಬಂದು ಮೂರು ಸಲ ಅಳೆದಳು. ಮೂರು ಸಲವೂ ಇಪ್ಪತ್ತೊಂದೇ.

"ನಿಮ್ಮ ಕೈ ನೋವಿಗೆ ನಿಲ್ತಿಲ್ಲ," ಎಂದಿದ್ದಳು ಡಾಕ್ಟರಮ್ಮ. "ನೋವು ಬರುತ್ತೇನೋ ಅನ್ನೋ ಹೆದರಿಕೆಗೆ ನಿಲ್ತಿದೆ. ಅದಕ್ಕೆ ನನ್ನ ಹತ್ರ ಮೆಷಿನ್ ಇಲ್ಲ."

ಮೆಷಿನ್ ಇಲ್ಲದ ಆ ಜಾಗಕ್ಕೆ ಡ್ರೈವರಣ್ಣನ ಬಾಯಿ ಬಂತು. ಹದಿನಾರಕ್ಕೆ ಮೀಸೆಯವನು ಮನೆಯ ಸುತ್ತ ಅಡ್ಡಾಡಿದ. ಹಡಗಿನವನ ಗೆಳೆಯನಂತೆ, ಗುಟ್ಟಿನ ಮಾತು ತಂದಿದ್ದಾನಂತೆ. ಹದಿನೇಳಕ್ಕೆ ಮುದುಕಿ ಮಹಡಿ ಏರುವಾಗ ನಡುವೆಯೇ ನಿಂತುಬಿಟ್ಟಳು; ನೆನಪು ಹೋಗಿದೆಯಂತೆ. ಟೀಚರು ಒಂದನ್ನೂ ಒಪ್ಪಲಿಲ್ಲ. ಕತ್ತರಿಗೆ ಮಾತ್ರ ಒಂದೇ ಪ್ರಶ್ನೆ: "ಆ ಅಕ್ಕನ ಕೂದಲು ಹೇಗಿದೆ ಅಣ್ಣಾ?"

"ಕೂದಲು... ತಲೆ ಮೇಲಿದೆ."

"ಥೂ! ಬೈತಲೆ ನಡುವೆ ತೆಗೆದಿದಾಳಾ, ಪಕ್ಕಕ್ಕಾ?"

"ಇದೇನಮ್ಮಾ, ಪೊಲೀಸರ ಥರ ಕೇಳ್ತೀಯ?"

ಹೇಗೋ ಮೂರು ವಾರದಲ್ಲಿ ಬೆರಳು ಹತ್ತೊಂಬತ್ತಕ್ಕೆ ಬಂತು. ಅಲ್ಲಿಗೆ ನಿಂತಿತು. ಶುಕ್ರವಾರವೂ ಹತ್ತೊಂಬತ್ತು, ಶನಿವಾರವೂ ಹತ್ತೊಂಬತ್ತು. ಒಂದನೇ ತಾರೀಖಿಗೆ ಇನ್ನು ಆರು ದಿನ.

ಭಾನುವಾರ ಮಧ್ಯಾಹ್ನ ತನ್ನ ಅಕ್ಕನ ಮನೆಗೆ ಹೋಗಿದ್ದಾಗ ಆ ಕೆಲಸ ಆಗಿಹೋಯಿತು. ಅವಳೇನೂ ಬೇಕೆಂದು ಮಾಡಿದ್ದಲ್ಲ. ತಿಂಗಳ ಕಂತುಗಳನ್ನೆಲ್ಲ ಒಟ್ಟಿಗೆ ಹಾಕಿ ತೋರಿಸುತ್ತಿದ್ದರು, ಅಕ್ಕ ಬಟ್ಟೆ ಮಡಿಸುತ್ತ ನೋಡುತ್ತಿದ್ದಳು. ಹೂದಾನಿ ಕಂಡಿತು, ಮೀಸೆ ಕಂಡಿತು. ಎದ್ದು ಅಡುಗೆಮನೆಗೆ ಹೋಗಬೇಕೆಂದುಕೊಂಡಳು. ಹೋಗಲಿಲ್ಲ.

ಕಾಗದ ಹಡಗಿನವನದ್ದೂ ಅಲ್ಲ, ಕೋರ್ಟಿನದ್ದೂ ಅಲ್ಲ. ರಸ್ತೆ ಅಗಲ ಮಾಡಲು ಕಾಂಪೌಂಡ್ ಗೋಡೆ ಒಡೆಯುತ್ತೇವೆ ಎಂಬ ನೋಟಿಸು. ಮೀಸೆಯವನು ಅಳತೆಗೆ ಬಂದ ಸರ್ವೆಯರ್. ಮುದುಕಿಗೆ ನೆನಪು ಚೆನ್ನಾಗಿಯೇ ಇತ್ತು, ಮಂಡಿ ನೋವಿಗೆ ನಿಂತಿದ್ದಳು.

"ಇಷ್ಟೇನಾ ಅಕ್ಕಾ?"

"ಇಷ್ಟೇ ಕಣೆ. ಒಂದು ತಿಂಗಳಿಂದ ಒಂದು ಗೋಡೆ ಒಡೀತಾರಾ ಇಲ್ವಾ ಅಂತ ಎಳೀತಾ ಇದಾರೆ. ನಾನು ಬಟ್ಟೆ ಮಡಿಸೋವಾಗ ಹಾಕ್ಕೋತೀನಿ ಅಷ್ಟೆ."

ಕತ್ತರಿಗೆ ಇನ್ನೆರಡು ಮೆಟ್ಟಿಲು ಬಾಕಿ ಇರುವಾಗ ಏಣಿಯನ್ನು ತಾನೇ ಒದ್ದುಕೊಂಡೆನಲ್ಲ ಎನ್ನಿಸಿತು. ನಾಳೆ ಗೊತ್ತಿಲ್ಲದವಳ ಹಾಗೆ ನಿಂತರಾಯಿತು ಎಂದುಕೊಂಡಳು. ನಟನೆಗೆ ಭುಜ ಮೋಸಹೋಗುತ್ತದೆಯೇ ಎಂಬುದು ಮಾತ್ರ ತಿಳಿಯಲಿಲ್ಲ.

ಸೋಮವಾರ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ಬೆರಳು ಹತ್ತೊಂಬತ್ತಕ್ಕೆ ಹೋಗಿ ಕೂತಿತು.

"ಇವತ್ತು ಕಾಗದ ಆಚೆ ಬರುತ್ತೆ ಕಣಮ್ಮಾ," ಎಂದ ಡ್ರೈವರಣ್ಣ. "ಅಕ್ಕ ಹೂದಾನಿಗೆ ಕೈ ಹಾಕಿದ್ಲು. ಇಪ್ಪತ್ತಕ್ಕೆ ಹೋಗು, ಒಳಗೇನಿದೆ ಹೇಳ್ತೀನಿ."

ಬೆರಳು ಕದಲಲಿಲ್ಲ. ಕತ್ತರಿ ಗೋಡೆಯ ಸುಣ್ಣವನ್ನೇ ನೋಡಿದಳು. "ಅಣ್ಣಾ, ತಪ್ಪಾಯ್ತು. ನಿನ್ನೆ ನಮ್ಮಕ್ಕನ ಮನೇಲಿ ನೋಡಿಬಿಟ್ಟೆ. ಸೌಂಡ್ ಸಮೇತ."

ಸೈಕಲ್ಲಿನ ಸದ್ದು ನಿಂತಿತು. ಟೀಚರು ಗಂಟಲಿನಲ್ಲೇ "ಹ್ಞಾಂ?" ಎಂದರು.

"ಎಲ್ಲಾ ಗೊತ್ತಾ ಹಾಗಾದ್ರೆ?" ಡ್ರೈವರಣ್ಣನ ದನಿ ಇಳಿದಿತ್ತು. "ಹಡಗಿನವನು..."

"ಹಡಗೇ ಇಲ್ಲ ಅಣ್ಣಾ."

ಅವನು ಕೆಮ್ಮಿದ. "ಹೋಗ್ಲಿ ಬಿಡು. ಈಗ ನೀನೇ ಹೇಳು, ನಾವು ಕೇಳ್ತೀವಿ. ಕಾಗದದಲ್ಲಿ ಏನಿತ್ತು?"

ಕತ್ತರಿ ಬಾಯಿ ತೆರೆದಳು. ರಸ್ತೆ, ಗೋಡೆ, ನೋಟಿಸು: ಮೂರೇ ಮಾತು. ಹೇಳಿದರೆ ಮುಗಿಯಿತು. ಆದರೆ ನಿನ್ನೆಯಿಂದ ಅವಳ ತಲೆಯಲ್ಲಿ ಉಳಿದಿದ್ದದ್ದು ನೋಟಿಸಲ್ಲ.

"ಅದಿರ್ಲಿ ಅಣ್ಣಾ, ಅವಳ ಜಡೆ ನೋಡಿದೀರಾ? ಸೀರಿಯಲ್ ಅಕ್ಕಂದು?"

"ಮತ್ತೆ ಕೂದಲಿಗೆ ಬಂದ್ಲು!"

"ನಗಬೇಡಿ. ದಿನಾ ಅವಳೇ ಹಾಕ್ಕೋತಾಳೆ, ಎಳೆ ಸಡಿಲ ಇರುತ್ತೆ, ಬಲಕ್ಕೆ ವಾಲುತ್ತೆ. ಕಾಗದ ಬಚ್ಚಿಟ್ಟ ದಿನದ ಜಡೆ ಬೇರೆ. ಬಿಗಿ ಅಂದ್ರೆ ಬಿಗಿ. ನೆತ್ತಿಯಿಂದಾನೇ ಹಿಡಿದಿದಾರೆ, ಇಲ್ಲಿಂದ..." ಬೆರಳುಗಳು ಪಟ್ಟಿಯನ್ನೇ ತಲೆಯ ಹಿಂಭಾಗವೆಂದುಕೊಂಡಂತೆ ಒಂದು ಕಚ್ಚು ದಾಟಿದವು. ಅವಳು ಹಲ್ಲು ಕಚ್ಚಿ ಉಸಿರೆಳೆದುಕೊಂಡಳು. "ಬೇರೆಯವರು ಹಾಕಿದ್ದು ಅದು. ಅದೂ ಎಡಗೈಯವರು. ಎಡಗೈಯವರು ಹೆಣೆದ್ರೆ ಎಳೆ ಉಲ್ಟಾ ಮಲಗುತ್ತೆ, ಹನ್ನೊಂದು ವರ್ಷದಿಂದ ನೋಡ್ತಿದೀನಿ. ಕಥೇಲಿ ಅದರ ಬಗ್ಗೆ ಒಬ್ಬರೂ ಒಂದು ಮಾತೂ ಆಡಲ್ಲ. ಯಾರು ಹಾಕಿದ್ದು?"

"ತಂಗಿ ಇರಬೇಕು," ಎಂದಳು ಡಾಕ್ಟರಮ್ಮ, ತನಗೆ ತಿಳಿಯದೆಯೇ.

"ತಂಗಿ ಬಲಗೈಯವಳು. ಮುದುಕಿ ಕೋಲು ಬಿಡಲ್ಲ."

ಡ್ರೈವರಣ್ಣ ಹ್ಯಾಂಡಲ್ ಕುಟ್ಟಿದ. "ಮೀಸೆ! ಮೀಸೆ ಕಣಮ್ಮಾ! ಅವನು ಪೆನ್ನು ಹಿಡಿಯೋದು ಎಡಗೈಲಿ! ನಾನು ದಿನಾ ನೋಡ್ತೀನಿ!"

ಟೀಚರು ಎರಡೂ ಕೈ ಎತ್ತಿ ಪಟ್ಟಿ ಬಿಚ್ಚುವಂತೆ ಸನ್ನೆ ಮಾಡತೊಡಗಿದರು. ಡಾಕ್ಟರಮ್ಮ ಬಿಚ್ಚಿದ ಕೂಡಲೇ, "ಅಳತೆ ತಗೊಳ್ಳೋ ಗಂಡಸಿಗೆ ಜಡೆ ಹಾಕೋಕೆ ಎಲ್ಲಿ ಬರುತ್ತೆ ರೀ?" ಎಂದರು.

"ಅಳತೆನಾ? ಅವನು ಅಳತೆಯವನು ಅಂತ ನಿಮಗೆ ಹೇಗೆ ಗೊತ್ತು?" ಎಂದ ಡ್ರೈವರಣ್ಣ.

ಟೀಚರ ಮುಖ ಕೆಂಪಾಯಿತು. "ನಮ್ಮನೇಲೂ ಟಿವಿ ಇದೆ. ಅದು ಬಿಡಿ ಈಗ. ಅವನಿಗೆ ಹೆಣ್ಣುಮಗು ಇರಬಹುದಾ?"

"ಇರಬಹುದು," ಎಂದಳು ಕತ್ತರಿ ಮೆಲ್ಲಗೆ. "ತಾಯಿ ಇಲ್ದಿರೋ ಮಗು. ದಿನಾ ಬೆಳಿಗ್ಗೆ ಅವನೇ ಹಾಕಿ ಹಾಕಿ ಕಲಿತಿರಬಹುದು. ಶಾಲೆಗೆ ಹೋಗೋ ಮಕ್ಕಳಿಗೆ ಸಂಜೆ ತನಕ ಬಿಚ್ಚಬಾರದು ಅಂತ ಹೀಗೇನೇ ಬಿಗಿ ಹಾಕೋದು. ಇಲ್ಲಿ ಹಿಡೀತಾರೆ, ನೋಡಿ, ಇನ್ನೂ ಮೇಲೆ..."

ಡಾಕ್ಟರಮ್ಮ ಅವಳ ಪಕ್ಕಕ್ಕೆ ಬಂದು ನಿಂತಿದ್ದಳು. ಬೆರಳ ಕೆಳಗಿನ ಅಂಕಿ ಅವಳಿಗೆ ಕಂಡಿತು: ಇಪ್ಪತ್ತೊಂದು. ಮೇಜಿನ ಮೇಲಿದ್ದ ಟೈಮರ್ ಬಡಿದುಕೊಳ್ಳಲು ಹೊರಟಿತ್ತು; ಸದ್ದಾಗುವ ಮೊದಲೇ ಅದನ್ನು ಎತ್ತಿಕೊಂಡು, ಎರಡು ಅಂಗೈಗಳ ನಡುವೆ ಮುಚ್ಚಿ ಹಿಡಿದಳು.