ಏಳು ನೆರಿಗೆಯ ಸೀರೆ

ಅಂತರಘಟ್ಟಮ್ಮನ ಸೀರೆಗೆ ಏಳು ನೆರಿಗೆ ಬರುತ್ತಿದ್ದವು. ೧೯೮೬ರ ಯುಗಾದಿಗೆ ಐದಾದವು, ಕಾರಹುಣ್ಣಿಮೆಗೆ ನಾಲ್ಕು. ಸೀರೆ ಅದೇ. ತೋಳು, ಕೆನ್ನೆ ಸೊರಗುತ್ತಿದ್ದವು. ಹೊಟ್ಟೆ ಮಾತ್ರ ಬೆಳೆಯುತ್ತಿತ್ತು. ಎರಡು ತುತ್ತು ಉಂಡರೆ ಸಾಕೆನಿಸುತ್ತಿತ್ತು.

ಆಕೆಗೆ ಐವತ್ಮೂರು ವರ್ಷ. ಮುಟ್ಟು ನಿಂತು ನಾಲ್ಕು ವರ್ಷವಾಗಿತ್ತು. ಗಂಡ ಚಿಕ್ಕಹನುಮಂತಪ್ಪ ಸೂಳೆಕೆರೆಯಲ್ಲಿ ಬಲೆ ಹಾಕುತ್ತಿದ್ದ. ಆಕೆ ದಡದಲ್ಲಿ ಕೂತು ಮೀನು ಕೊಯ್ದು ಮಾರುತ್ತಿದ್ದಳು. ಪಕ್ಕದಲ್ಲಿ ಕೂರುವ ಅಂಜಿನಮ್ಮ ಒಂದು ದಿನ ತಮಾಷೆ ಮಾಡಿದಳು: "ಮೊಮ್ಮಗಳ ತೊಟ್ಲು ಅಟ್ಟಕ್ಕೆ ಹಾಕಬ್ಯಾಡಕ್ಕ, ನಿಂಗೇ ಬೇಕಾಗೋ ಹಂಗೈತೆ."

ಅಂದಿನಿಂದ ಅಂತರಘಟ್ಟಮ್ಮ ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡೇ ಕೂರತೊಡಗಿದಳು. ವಾಯು ಇರಬೇಕೆಂದು ಗಂಡ ಓಮಿನಕಾಳು ತಂದುಕೊಟ್ಟ. ಹೀಗೆ ಎರಡು ತಿಂಗಳು ಹೋದವು.

ಊರಿನ ಆರೋಗ್ಯ ಉಪಕೇಂದ್ರದ ನರ್ಸ್ ಸುಂಕಲಮ್ಮ ಜಗಳೂರು ಕಡೆಯವರು. ಮೊಮ್ಮಗಳಿಗೆ ಚುಚ್ಚುಮದ್ದು ಹಾಕಲು ಬಂದವರು ಅಜ್ಜಿಯ ಹೊಟ್ಟೆಗೆ ಬಿಗಿದಿದ್ದ ಸೀರೆ ನೋಡಿದರು. ಒಳಗೆ ಮಲಗಿಸಿ ಹೊಟ್ಟೆ ತಟ್ಟಿ ನೋಡಿ, ಇದು ವಾಯು ಅಲ್ಲ, ನೀರು ಎಂದರು. ಮರುದಿನ ತಾವೇ ಗಂಡಹೆಂಡಿರನ್ನು ದಾವಣಗೆರೆಗೆ ಕರೆದೊಯ್ದರು. ಅಲ್ಲಿನ ವೈದ್ಯರು ಸೂಜಿಯಿಂದ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ವಾರದ ನಂತರ ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು.

ಬೆಂಗಳೂರಿನ ವೈದ್ಯರು ಸುತ್ತಿ ಬಳಸಿ ಹೇಳಲಿಲ್ಲ. ಅಂಡಾಶಯದ ಕ್ಯಾನ್ಸರ್, ಹೊಟ್ಟೆಯೊಳಗೆ ಹರಡಿದೆ, ಈಲಿಯ, ಅಂದರೆ ಯಕೃತ್ತಿನ ಮೇಲೂ ಗಂಟುಗಳಿವೆ. ಅಂಡಾಶಯ, ಗರ್ಭಕೋಶದ ಜೊತೆಗೆ ಆ ಗಂಟುಗಳನ್ನೂ ತೆಗೆಯಬೇಕು. ಮುಂದಿನ ಗುರುವಾರ ಬಂದು ಸೇರಿಕೊಳ್ಳಿ, ಆ ದಿನ ತಪ್ಪಿಸಬೇಡಿ ಎಂದರು.

ಚಿಕ್ಕಹನುಮಂತಪ್ಪ ಊರಿಗೆ ಬಂದವನೇ ಮತ್ತೆ ಹೋಗುವುದಿಲ್ಲ ಎಂದುಬಿಟ್ಟ. ಮೀನು ಕೊಯ್ಯುವವರಿಗೆ ಗೊತ್ತು: ಈಲಿಗೆ ಅಂಟಿಕೊಂಡಿರುವ ಹಸಿರು ಪಿತ್ತದ ಚೀಲ ಒಡೆದರೆ ಮೀನೆಲ್ಲ ಕಹಿ. ಎಷ್ಟು ತೊಳೆದರೂ ಹೋಗುವುದಿಲ್ಲ.

ಮಂಗಳವಾರ ಸಂಜೆ ಸುಂಕಲಮ್ಮ ಬಂದಾಗ ಆತ ಅದನ್ನೇ ಹೇಳಿದ. "ಈಲಿ ಹತ್ರ ಚಾಕು ಹೋದ್ರೆ ಮೈಯೆಲ್ಲ ವಿಷ ಆಗ್ತೈತೆ ಸಿಸ್ಟರ್. ದಿನಾ ನೋಡೋನು ನಾನು. ಇದ್ದಷ್ಟು ದಿನ ಮನ್ಯಾಗೇ ಇರ್ಲಿ ಬಿಡ್ರಿ."

ಸುಂಕಲಮ್ಮ ನಗಲಿಲ್ಲ. ಅವನ ಹೆದರಿಕೆ ಪೂರ್ತಿ ಸುಳ್ಳಲ್ಲ, ಈಲಿಯಲ್ಲಿ ರಕ್ತ ಹೆಚ್ಚು, ಅಪಾಯ ಇದ್ದೇ ಇದೆ ಎಂದು ಒಪ್ಪಿಕೊಂಡರು. ಆದರೆ ಬೆಂಗಳೂರಿನ ಚೀಟಿಯ ಪ್ರಕಾರ ಈ ಗಂಟುಗಳು ಈಲಿಯ ಮೈಮೇಲೆ ಕೂತಿರುವಂತೆ ಕಾಣುತ್ತವೆ. ತೀರಾ ಆಳಕ್ಕೆ ಇಳಿದಿದ್ದರೆ ವೈದ್ಯರು ಮುಟ್ಟುವುದಿಲ್ಲ. ಅದು ಹೊಟ್ಟೆ ತೆರೆದಾಗಲೇ ಖಚಿತವಾಗುವುದು. ಒಳಗೆ ಗಂಟು ಎಷ್ಟು ಕಡಿಮೆ ಉಳಿಯುತ್ತದೋ, ಆಮೇಲೆ ಕೊಡುವ ಔಷಧಿ ಅಷ್ಟು ಚೆನ್ನಾಗಿ ಹಿಡಿಯುತ್ತದೆ ಎಂದು ವಿವರಿಸಿದರು.

"ವಾಸಿ ಆಗ್ತೈತೆ ಅಂತ ಬರ್ದು ಕೊಡ್ತೀರೇನು?"

"ಇಲ್ಲ. ಡಾಕ್ಟ್ರೂ ಕೊಡಲ್ಲ. ಸುಮ್ನೆ ಕೂತ್ರೆ ಏನಾಗ್ತೈತೆ ಅಂತ ಬೇಕಾದ್ರೆ ಬರ್ದು ಕೊಡ್ತೀನಿ."

ಅಂತರಘಟ್ಟಮ್ಮ ಹಿತ್ತಲ ಬಾಗಿಲಲ್ಲಿ ರಾತ್ರಿಯ ಸಾರಿಗೆ ಮೀನು ಕೊಯ್ಯುತ್ತಿದ್ದಳು. ಹೊಟ್ಟೆ ಅಡ್ಡ ಬರುತ್ತಿದ್ದರಿಂದ ಕಾಲು ಚಾಚಿ ಕೂತಿದ್ದಳು. ಹೆಬ್ಬೆರಳಿಂದ ಒತ್ತಿ ಪಿತ್ತದ ಚೀಲವನ್ನು ಬಿಡಿಸಿದಳು. ಅದನ್ನು ಎಲೆಯ ಮೇಲಿಟ್ಟು ಗಂಡನ ಮುಂದೆ ಸರಿಸಿದಳು. ಒಡೆದಿರಲಿಲ್ಲ.

"ಮೂವತ್ತು ವರ್ಷ ಆತು. ಎಷ್ಟು ಒಡ್ದೀನಿ ಹೇಳು."

ಆತ ಚೀಲವನ್ನು ಬೆರಳಿಂದ ತಿರುಗಿಸಿ ನೋಡಿದ. "ಮದ್ವೆ ಆದ ಹೊಸದ್ರಾಗೆ ಒಂದೆರಡು."

"ಆ ಡಾಕ್ಟ್ರೂ ಹೊಸಬ್ರಲ್ಲ. ನಾನು ಹೋಗ್ತೀನಿ. ನೀನೂ ಬಾ. ನಂಗೂ ಹೆದ್ರಿಕೆ ಐತೆ."

ಬುಧವಾರ ಬೆಳಗಿನ ಬಸ್ಸಿಗೆ ಇಬ್ಬರೂ ಹೊರಟರು.

ಆಪರೇಷನ್ ನಾಲ್ಕು ಗಂಟೆ ನಡೆಯಿತು. ಚಿಕ್ಕಹನುಮಂತಪ್ಪ ಬಾಗಿಲ ಹೊರಗೆ ಕೂರದೆ ನಿಂತೇ ಇದ್ದ. ಈಲಿಯ ಮೇಲಿದ್ದ ಮೂರು ಗಂಟುಗಳನ್ನೂ ತೆಗೆದರು. ಹೊಟ್ಟೆಯ ಬೇರೆ ಕಡೆ ಕಾಳಿನಷ್ಟು ಸಣ್ಣವು ಕೆಲವು ಉಳಿದವು. ಮೂರು ವಾರಕ್ಕೊಮ್ಮೆ, ಆರು ಸಲ ಡ್ರಿಪ್‌ನಲ್ಲಿ ಔಷಧಿ ಕೊಟ್ಟರು. ವಾಂತಿಯಾಯಿತು, ತಲೆಗೂದಲು ಉದುರಿತು.

ಈ ವರ್ಷ, ೧೯೮೭ರ ಯುಗಾದಿಗೆ ಅಂತರಘಟ್ಟಮ್ಮನ ಸೀರೆಗೆ ಆರು ನೆರಿಗೆ ಬಂದವು. ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗಬೇಕು. ಆ ಬಸ್ಸು ಹತ್ತುವಾಗ ಇಬ್ಬರಿಗೂ ಈಗಲೂ ಹೆದರಿಕೆ. ದಡದಲ್ಲಿ ಅಂಜಿನಮ್ಮ ಈಗ ಯಾರ ಹೊಟ್ಟೆಯನ್ನೂ ಕಂಡು ತಮಾಷೆ ಮಾಡುವುದಿಲ್ಲ. ಸುಂಕಲಮ್ಮನ ಹತ್ತಿರ ಕಳಿಸುತ್ತಾಳೆ.

ಓದುತ್ತಿರುವ ತಾಯಂದಿರೇ, ಹೊಟ್ಟೆ ಉಬ್ಬಿದ್ದೆಲ್ಲ ಕ್ಯಾನ್ಸರ್ ಅಲ್ಲ. ಆದರೆ ಮುಟ್ಟು ನಿಂತ ಮೇಲೆ ಹೊಟ್ಟೆ ಬೆಳೆಯುತ್ತಾ ಮೈ ಸೊರಗುತ್ತಿದ್ದರೆ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗಿ ಎರಡು ಮೂರು ವಾರವಾದರೂ ಉಬ್ಬರ ಇಳಿಯದಿದ್ದರೆ, ಓಮಿನಕಾಳು ತಿನ್ನುತ್ತಾ ಕಾಯಬೇಡಿ, ನಾಚಿಕೆಪಟ್ಟು ಸೆರಗು ಎಳೆದುಕೊಳ್ಳಬೇಡಿ. ಹತ್ತಿರದ ಆಸ್ಪತ್ರೆಗೆ ತೋರಿಸಿ. ಮನೆಯ ಗಂಡಸರೇ, ವೈದ್ಯರು ಈಲಿಯ ಮಾತೆತ್ತಿದರೆ ಎದ್ದು ಬರಬೇಡಿ. ನಿಮ್ಮ ಹೆದರಿಕೆ ಏನೆಂದು ಅಲ್ಲೇ ಕೂತು ಅವರಿಗೆ ಹೇಳಿ, ಉತ್ತರ ಕೇಳಿಸಿಕೊಳ್ಳಿ.

ನಾಳೆ ಬೆಳಿಗ್ಗೆ ಸೀರೆ ಉಡುವಾಗ ಒಮ್ಮೆ ನೆರಿಗೆ ಎಣಿಸಿ.