ಕಸದ ಚೀಲದ ಅಧ್ಯಾಯ

ಆ ಒಂದು ಅಧ್ಯಾಯ ಬೇಡವೇ ಬೇಡ ಎಂದು ಹೇಜಲ್‌ಗೆ ಗಂಟಲು ಹರಿಯುವಷ್ಟು ಹೇಳಿದ್ದೆ. ಕೇಳಿದರೆ ತಾನೇ! ಇಲ್ಲೇ, ಈ ಕೊಲ್ಲಿ ದೇಶದ ಈಸಾ ಟೌನಿನ ತನ್ನ ಮನೆಯಲ್ಲಿ ನನ್ನನ್ನು ಕೂರಿಸಿ, ಚಹಾ ಕೊಟ್ಟು, ನನ್ನ ಬಾಳನ್ನು ಪುಸ್ತಕ ಮಾಡಿದವಳು ಅವಳು. ನರ್ಸ್ ಡ್ಯೂಟಿ ಮುಗಿಸಿ, ನನ್ನಂತೆ ಮನೆಗಳಿಂದ ತಪ್ಪಿಸಿಕೊಂಡು ಬಂದ ಕೆಲಸದವರಿಗಾಗಿ ಓಡಾಡುತ್ತಾಳೆ. ಒಳ್ಳೆಯವಳೇ, ಇಲ್ಲವೆನ್ನುವುದಿಲ್ಲ.

“ಹಿಂದೆ ಗುಲಾಮರು ತಮ್ಮ ಕಥೆ ತಾವೇ ಬರೆದದ್ದಕ್ಕೇ ಅಷ್ಟು ಜನ ಎದ್ದು ನಿಂತದ್ದು ಕುಸುಮಾ. ನಿನ್ನದು ಓದಿದವರು ಸುಮ್ಮನೆ ಕೂರ್ತಾರಾ?” ಎನ್ನುತ್ತಿದ್ದಳು.

ನಾನೂ ಎಲ್ಲ ಹೇಳಿದೆ. ಉಮ್ ಅಲ್ ಹಸ್ಸಮ್ ಬಡಾವಣೆಯಲ್ಲಿ ನಾನು ಕೆಲಸಕ್ಕಿದ್ದ ಫ್ಲ್ಯಾಟಿನಲ್ಲಿ ವಾಷಿಂಗ್ ಮೆಷಿನ್ ಪಕ್ಕ ಮಲಗಿದ್ದು, ನನ್ನ ಪಾಸ್‌ಪೋರ್ಟನ್ನು ಮನೆಯವರು ತಮ್ಮ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದು, ಮೀನಿನ ಸಾರಿಗೆ ಉಪ್ಪು ಹೆಚ್ಚಾದ ದಿನ ನಮ್ಮೂರ ಕಡೆಯವಳೇ ಆದ ಯಜಮಾನಿ ಕ್ಷಮಾ ಕಾದ ಸಟ್ಟುಗವನ್ನು ನನ್ನ ತೋಳಿಗೆ ಒತ್ತಿದ್ದು. ಹೊರಬಾಗಿಲು ನನಗೆ ತೆರೆಯುತ್ತಿದ್ದದ್ದು ಕಸ ಬಿಸಾಡಲು ಮಾತ್ರ. ಒಂದು ಸಂಜೆ ಕಸದ ಚೀಲದೊಳಗೆ ಬಟ್ಟೆ, ಚಪ್ಪಲಿ ತುಂಬಿಸಿಕೊಂಡು ಇಳಿದವಳು ಮತ್ತೆ ಹತ್ತಲಿಲ್ಲ.

“ಜನ ಓದುದೇ ಇದನ್ನು!” ಎಂದಳು ಹೇಜಲ್.

“ಹೇಜಲ್ ಬಾಯಿ, ಕ್ಷಮಾನ ಮನೆಯಲ್ಲಿ ಈಗ ಉಳ್ಳಾಲದ ಹುಡುಗಿ ಉಂಟು, ಅಫೀಫಾ ಅಂತ. ಕಸದ ಡಬ್ಬಿಯ ಹತ್ರ ನಿಂತು ಮಾತಾಡಿಸಿದ್ದೇನೆ. ಪೊಲೀಸು ಅಂದ್ರೆ ನಡುಗ್ತಾಳೆ. ಹಬ್ಬ ಕಳೀಲಿ ಅಕ್ಕಾ, ನಿಮ್ಮ ಹಾಗೇ ಬರ್ತೇನೆ ಅಂದಿದ್ದಾಳೆ. ಅವಳು ಬರುವವರೆಗೆ ಚೀಲದ ಸುದ್ದಿ ಬೇಡ. ಬೇಕಾದ್ರೆ ಕ್ಷಮಾನ ಹೆಸರು ಹಾಕಿ.”

“ಹೆಸರು ಹಾಕಿದ್ರೆ ಕೇಸು ಹಾಕ್ತಾರೆ ಮಾರಾಯ್ತಿ. ಚೀಲದ್ದು ಓದಿ ಯಾರಿಗೆ ಎಂತ ಗೊತ್ತಾಗ್ತದೆ?”

ಹಾಗೆ ಆ ಪಾಪಿಯ ಹೆಸರು ಹೋಯಿತು, ನಾನು ತಪ್ಪಿಸಿಕೊಂಡ ದಾರಿ ಉಳಿಯಿತು.

ಇಲ್ಲಿರುವ ನಮ್ಮೂರ ಕಡೆಯವರ ಸಂಘದ ಪದ್ಧತಿ ಗೊತ್ತಲ್ಲ, ಊಟದ ಖರ್ಚು ವಹಿಸಿಕೊಂಡವರೇ ವೇದಿಕೆಯಲ್ಲಿ ಶಾಲು ಹೊದಿಸಬೇಕು. ಪುಸ್ತಕ ಬಿಡುಗಡೆಯ ದಿನ ಮೈಕಿನವ ಕೂಗಿದ: “ಇಂದಿನ ಊಟದ ದಾನಿ, ಶ್ರೀಮತಿ ಕ್ಷಮಾ!” ನಾನು ಹೇಜಲ್ ರಟ್ಟೆ ಹಿಡಿದೆ.

“ಕಮಿಟಿಯವರು ಮಾಡಿದ್ದು, ನಂಗೂ ಗೊತ್ತಿರ್ಲಿಲ್ಲ,” ಹೇಜಲ್ ತಲೆ ತಗ್ಗಿಸಿದಳು.

ಕ್ಷಮಾ ರೇಷ್ಮೆ ಸೀರೆಯುಟ್ಟು ಬಂದಳು. ಶಾಲು ಹೊದಿಸಿ, ಸುಟ್ಟ ತೋಳು ಮುಚ್ಚುವಂತೆ ಎಳೆದು ಸರಿಮಾಡಿ, ಕಿವಿಯ ಹತ್ತಿರ ಬಾಯಿ ತಂದಳು.

“ಎಷ್ಟು ಚಂದ ಬರ್ದಿದ್ದಿ ಕುಸುಮಾ! ಕಮಿಟಿಯವರು ನಂಗೆ ಮೊದಲೇ ಒಂದು ಪ್ರತಿ ಕೊಟ್ಟಿದ್ರು, ಚೀಲದ್ದು ಎರಡು ಸಲ ಓದಿದೆ. ಈಗ ಕಸ ನಾನೇ ಬಿಸಾಡುದು.”

ನಾನು ಮೈಕು ಕಿತ್ತುಕೊಂಡೆ. “ನನ್ನ ಸುಟ್ಟವಳು ಇವಳೇ! ಇವಳ ಮನೆಯಲ್ಲಿ ಇನ್ನೊಂದು ಹುಡುಗಿಯನ್ನು ಕೂಡಿಹಾಕಿದ್ದಾಳೆ. ಯಾರಾದ್ರೂ ಬನ್ನಿ, ಈಗಲೇ ಹೋಗುವ!”

ಕ್ಷಮಾ ಕಣ್ಣೊರೆಸಿಕೊಂಡು, ನನ್ನ ಕೈಯಿಂದ ಮೈಕನ್ನು ನಯವಾಗಿ ಬಿಡಿಸಿಕೊಂಡಳು. “ಪಾಪ, ಅಷ್ಟು ಅನುಭವಿಸಿದ್ದಾಳೆ. ಯಾರನ್ನು ನೋಡಿದ್ರೂ ಅವಳಿಗೆ ಹಾಗೇ ಕಾಣುದು.”

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೌದು, ಎದ್ದು ನಿಂತೇ! ನಾನು ಹೇಜಲ್ ಕಡೆ ನೋಡಿದೆ. ಅವಳು ಮುಖ ತಿರುಗಿಸಿದಳು. ಅಷ್ಟರಲ್ಲಿ ಊಟ ಶುರುವಾಯಿತೆಂದು ಯಾರೋ ಕೂಗಿದರು.

ನಾನು ಬಾಗಿಲ ಕಡೆ ಓಡುತ್ತಿದ್ದಾಗ ಪುಸ್ತಕದ ಮೇಜಿನ ಪ್ರವೀಣ್ ಖುಷಿಯಿಂದ ಅಡ್ಡ ಬಂದ.

“ಅಕ್ಕಾ, ಒಂದೂ ಉಳಿಯಲಿಲ್ಲ! ಹೆಂಗಸರೇ ಮುಗಿಬಿದ್ದು ತಗೊಂಡದ್ದು.”

ಊಟದ ಸಾಲಿನತ್ತ ತಿರುಗಿದೆ. ಹೆಂಗಸರ ಕಂಕುಳಲ್ಲೆಲ್ಲ ನನ್ನ ಪುಸ್ತಕ. ಅವರಲ್ಲಿ ಅರ್ಧಕ್ಕರ್ಧ ಜನರ ಮನೆಯಲ್ಲಿ ಕೆಲಸದವಳಿದ್ದಾಳೆ.